ಕೈಬಿಡುವ ಮೇಷ್ಟ್ರು

ಒಂದು ಕಡೆ ಚಿನ್ನದ ಗರಿ ಮತ್ತು ಗಗನಶಾಲೆಯ ಹಿರಿಯ ಮೇಷ್ಟ್ರ ಪೀಠ. ಇನ್ನೊಂದು ಕಡೆ ತಲೆ. ಗಾಳಿದುರ್ಗದ ದೊರೆ ಮರುಳಸಿದ್ಧನಾಯಕ ಡಂಗುರ ಹೊಡೆಸಿದ ವ್ಯವಹಾರ ಇಷ್ಟೇ: "ಮೂರು ಒಗಟು ಬಿಡಿಸಿದವನಿಗೆ ಮೊದಲಿನದು. ತಪ್ಪಿದವನಿಂದ ಎರಡನೆಯದು. ಚೌಕಾಸಿ ಇಲ್ಲ."

ದೊರೆಯ ಒಬ್ಬಳೇ ಮಗಳು ಚೆಲುವಾಂಬೆ ಗಗನಶಾಲೆಗೆ ಸೇರಿ ಮರದ ಗರುಡ ಹಾರಿಸಲು ಕಲಿಯಲೇಬೇಕೆಂದು ಹಟ ಹಿಡಿದಿದ್ದಳು. ಗರುಡದಲ್ಲಿ ಅಕ್ಕಪಕ್ಕ ಎರಡು ಪೀಠ, ಎರಡಕ್ಕೂ ಲಗಾಮು. ಒಂದರಲ್ಲಿ ಶಿಷ್ಯ, ಇನ್ನೊಂದರಲ್ಲಿ ಮೇಷ್ಟ್ರು. ಅವಳನ್ನು ಯಾರನ್ನು ನಂಬಿ ಮೋಡಕ್ಕೆ ಕಳಿಸುವುದು? ಮೂಟೆಗೆ ಕೊಕ್ಕೆ ಚುಚ್ಚಿ ನೋಡದೆ ಅಕ್ಕಿ ಕೊಳ್ಳುವವನಲ್ಲ ದೊರೆ. ಬಾಣಸಿಗ ನಕ್ಕರೆ ಸಾರು ಚೆಲ್ಲಿಸುವ ಆಸಾಮಿ.

ಮೊದಲು ಬಂದವನು ಆಕಾಶದಲ್ಲಿ ಲಾಗ ಹಾಕುವ ರಣಧೀರ. ದೊರೆ ಕೇಳಿದ: "ಹಾರುವವನು ಕೊನೆಗೆ ಮಾಡುವ ಕೆಲಸ, ಮೇಷ್ಟ್ರು ಮೊದಲು ಕಲಿಸಬೇಕಾದ ಪಾಠ. ಯಾವುದಯ್ಯಾ ಅದು?"

"ಗುರುದಕ್ಷಿಣೆ ಕೊಡುವುದು!" ಎಂದ ರಣಧೀರ, ಮೀಸೆ ತಿರುವುತ್ತ. ಸಭೆ ನಕ್ಕಿತು. ದೊರೆ ನಗಲಿಲ್ಲ. ತಲೆ ಹೋಗುವ ದಿನ ಕಾಯಲು ರಣಧೀರ ಸೆರೆಮನೆಗೆ ಹೋದ.

ಎರಡನೆಯವನಾಗಿ ಬಂದ ಪಂಡಿತ ಭೂಪಾಲಯ್ಯ ಅದೇ ಒಗಟಿಗೆ ಕಣ್ಣು ಮುಚ್ಚಿ ಯೋಚಿಸಿ, "ಮೋಕ್ಷ" ಎಂದ.

"ಹಾರಲು ಕಲಿಸಯ್ಯಾ ಎಂದರೆ ಮಗಳನ್ನು ಮೋಕ್ಷಕ್ಕೇ ಕಳಿಸುತ್ತೀಯಾ? ಎಳೆದುಕೊಂಡು ಹೋಗಿ ಇವನನ್ನು!"

ಆಮೇಲೆ ಯಾರೂ ಮುಂದೆ ಬರಲಿಲ್ಲ. ಕಡೆಗೆ ಎದ್ದವನು ಕೊಟ್ರಯ್ಯ, ಗಗನಶಾಲೆಯ ಕಿರಿಯ ಮೇಷ್ಟ್ರು. ಹೊಸಬರನ್ನು ಹಾರಿಸುವುದು, ಅವರು ಮಾಡಿದ ವಾಂತಿ ಒರೆಸುವುದು ಅವನ ಪಾಲಿನ ಕೆಲಸ.

"ನೆಲಕ್ಕೆ ಇಳಿಯುವುದು, ಪ್ರಭು," ಎಂದ. "ಏರುವುದನ್ನು ಗಾಳಿಯೂ ಕಲಿಸುತ್ತದೆ. ಇಳಿಯಲು ಗೊತ್ತಿದ್ದವನಿಗೇ ಏರುವ ಹಕ್ಕು."

ದೊರೆ ಹುಬ್ಬು ಗಂಟಿಕ್ಕಿದ. "ಇರಲಿ. ಮಾರಿದರೆ ಯಾರೂ ಕೊಳ್ಳರು, ಆದರೆ ಎಲ್ಲರ ಮನೆಯಲ್ಲೂ ದಾಸ್ತಾನು. ಅದು ಚೂರೂ ಇಲ್ಲದವನನ್ನು ಶಾಲೆಗೆ ಸೇರಿಸಬಾರದು, ವಿಪರೀತ ಇದ್ದವನನ್ನು ಗರುಡ ಹತ್ತಿಸಬಾರದು. ಏನದು?"

"ಹೆದರಿಕೆ, ಪ್ರಭು. ನನ್ನ ಹತ್ತಿರವೂ ಇದೆ, ಬೇಕಾದರೆ ಈಗಲೇ ತೂಗಿ ನೋಡಿ."

ಎರಡೂ ಸಲೀಸು! ಸಲೀಸಾಗಿ ಸಿಕ್ಕಿದ ಸರಕಿನ ಅಡಿಯಲ್ಲಿ ಕಲ್ಲಿರುತ್ತದೆ ಎಂದು ದೊರೆಯ ಮನಸ್ಸು ಚುಚ್ಚಿತು. ಒಗಟು ಎಲ್ಲಿಂದ ಸೋರಿತು? ಮಗಳ ಮುಖ ನೋಡಿದ. "ನನ್ನನ್ನೇನು ನೋಡ್ತೀರಿ ಅಪ್ಪಾಜಿ? ನನಗೂ ಗೊತ್ತಿರಲಿಲ್ಲ," ಎಂದು ಅವಳು ಮುಖ ತಿರುಗಿಸಿದಳು. ದೊರೆ ಮೂರನೆಯ ಒಗಟನ್ನು ಅಲ್ಲೇ ಬದಲಾಯಿಸಿದ. ಬೇಹಿನವನು ಬೆಳಗ್ಗೆ ತಂದ ಸುದ್ದಿಯೊಂದು ಅವನ ಬಳಿ ಇತ್ತು.

"ನಡು ಆಕಾಶದಲ್ಲಿ ನೀನು ಶಿಷ್ಯರನ್ನು ಕೈಬಿಡುತ್ತೀಯಂತೆ. ನಿಜವೋ?"

"ನಿಜ, ಪ್ರಭು."



"ಹಾಗಾದರೆ ಇದೇ ಮೂರನೆಯ ಒಗಟು: ನಂಬಿದವನನ್ನು ಕೈಬಿಟ್ಟೂ ದ್ರೋಹಿಯಾಗದವನು ಯಾರು?"

"ಉತ್ತರ ಬಾಯಲ್ಲಿ ಹೇಳಿದರೆ ತಾವು ನಂಬುವುದಿಲ್ಲ. ಗರುಡ ಹತ್ತಿ."

ಮಗಳನ್ನು ಕಳಿಸಲು ದೊರೆಗೆ ಮನಸ್ಸಾಗಲಿಲ್ಲ. ಸೊಂಟದ ಕಠಾರಿ ಮುಟ್ಟಿ ನೋಡಿಕೊಂಡು ತಾನೇ ಹತ್ತಿದ. ಕೋಟೆ ಕಿರಿದಾಗುವವರೆಗೂ ಗರುಡ ನಡೆಸಿದ ಕೊಟ್ರಯ್ಯ, "ಇನ್ನು ನಿಮ್ಮ ಕೈ" ಎಂದು ಲಗಾಮು ಬಿಟ್ಟ.

"ಕೈಬಿಟ್ಟೆಯಲ್ಲೋ ಪಾಪಿ!" ದೊರೆ ಗಾಬರಿಯಲ್ಲಿ ತನ್ನ ಲಗಾಮನ್ನು ಎದೆಗೆ ಎಳೆದುಕೊಂಡ. ಗರುಡ ಮುಗಿಲಿಗೆ ಮೂಗೆತ್ತಿ ನಡುಗತೊಡಗಿತು.

"ಮೂಗು ಎಲ್ಲಿದೆ, ಪ್ರಭು?"

"ಮೇಲೆ! ಹಿಡಿಯೋ!"

"ಗಾಳಿಯ ಸದ್ದು?"

"ಅಡಗುತ್ತಿದೆ..."

"ಹಾಗಾದರೆ ಏನು ಮಾಡೋಣ?"

ಕೇಳುತ್ತಾನೆಯೇ ಹೊರತು ಹೇಳುವುದಿಲ್ಲ! ಹಲ್ಲು ಕಡಿಯುತ್ತ ದೊರೆ ಲಗಾಮು ಸಡಿಲಿಸಿದ. ಮೂಗು ಇಳಿಯಿತು, ರೆಕ್ಕೆಗೆ ಗಾಳಿ ಸಿಕ್ಕಿತು, ಗರುಡ ನೆಟ್ಟಗಾಯಿತು. ಆಗ ಅವನ ಕಣ್ಣಿಗೆ ಬಿದ್ದದ್ದು: ಕೊಟ್ರಯ್ಯನ ಬೆರಳುಗಳು ಲಗಾಮಿಗೆ ಕೂದಲೆಳೆ ದೂರದಲ್ಲಿ, ಮುಟ್ಟದೆ, ಕಾದಿದ್ದವು.

ಇಳಿಯುವಾಗ ಗರುಡ ಕಪ್ಪೆಯ ಹಾಗೆ ಕುಪ್ಪಳಿಸಿತು. ಆದರೂ ಇಳಿಸಿದವನು ದೊರೆಯೇ.

"ನಾನು ಹಿಡಿದೇ ಇದ್ದಿದ್ದರೆ ಹಾರುತ್ತಿದ್ದವನು ನಾನು, ತಾವು ಬರೀ ಮೂಟೆ," ಎಂದ ಕೊಟ್ರಯ್ಯ. "ದ್ರೋಹಿ ಕೈಬಿಟ್ಟು ಎದ್ದು ಹೋಗುತ್ತಾನೆ. ಮೇಷ್ಟ್ರು ಕೈಬಿಟ್ಟು ಪಕ್ಕದಲ್ಲೇ ಕೂತಿರುತ್ತಾನೆ. ಇದೇ ಉತ್ತರ."

ದೊರೆ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಿದ್ದಿದ್ದರೆ ಇಬ್ಬರೂ ಬೀಳುತ್ತಿದ್ದರು. ನಷ್ಟದಲ್ಲಿ ಸಮಪಾಲು ಹೊತ್ತವನು ಮೋಸ ಮಾಡುವುದುಂಟೇ? ಎತ್ತ ತಿರುಗಿಸಿ ನೋಡಿದರೂ ಬಿರುಕು ಕಾಣಲಿಲ್ಲ. ಚಿನ್ನದ ಗರಿಯನ್ನು ತಾನೇ ಅವನ ರುಮಾಲಿಗೆ ಸಿಕ್ಕಿಸಿದ.

"ಮತ್ತೇನಾದರೂ ಬೇಕೆ?"

"ಸೆರೆಯಲ್ಲಿರುವ ಇಬ್ಬರು ಬೇಕು. ತಪ್ಪು ಮಾಡಿ ಬದುಕಿದವರಿಗಿಂತ ಒಳ್ಳೆಯ ಶಿಷ್ಯರು ನನಗೆಲ್ಲಿ ಸಿಗಬೇಕು?"

ಕಡೆಯ ಲೆಕ್ಕ ಹೀಗಿದೆ. ಖಜಾನೆಯಿಂದ ಹೋದದ್ದು ಒಂದು ಚಿನ್ನದ ಗರಿ. ಬಂದದ್ದು, ಶಾಲೆಗೆ ಒಬ್ಬ ಹಿರಿಯ ಮೇಷ್ಟ್ರು. ತಲೆ ಉಳಿಸಿಕೊಂಡ ಇಬ್ಬರು ಶಿಷ್ಯರು. ಮತ್ತು ಸುಗ್ಗಿಯ ಹೊತ್ತಿಗೆ, ಪಕ್ಕದ ಪೀಠ ಖಾಲಿಯಿದ್ದರೂ ಗರುಡವನ್ನು ಹೂವಿನಂತೆ ಇಳಿಸಿ ಮನೆಗೆ ಬಂದ ಮಗಳು.