ಹಾಡು ಹಿಡಿಯುವ ಬಿಂದಿಗೆ

"ಕೇಳ್ರಪ್ಪೋ ಕೇಳಿ! ಅರಮನೆಯಲ್ಲಿ ಹಾಡು ಹಿಡಿಯುವ ಬಿಂದಿಗೆ ಇದೆ. ಅದರ ಬಾಯಿಗೆ ಹಾಡಿ ಮುಚ್ಚಳ ಹಾಕಿದರೆ, ತೆರೆದಾಗಲೆಲ್ಲ ಅದೇ ಹಾಡು ಅದೇ ದನಿಯಲ್ಲಿ ಬರುತ್ತದೆ. ರಾಜಕುಮಾರಿ ಕನಕಾಜಿಯವರ ಮೂರು ಒಗಟು ಬಿಡಿಸಿದವರಿಗೆ ಬಿಂದಿಗೆ. ತಪ್ಪಿದವರಿಗೆ ತಲೆ ಇಲ್ಲ!"

ತುಂಬೆಪುರದಲ್ಲಿ ಹೀಗೆ ಡಂಗುರ ಸಾರಿದ ಮರುದಿನದಿಂದಲೇ ಮನೆಮನೆಯ ಗಡಿಗೆಗಳು ಮಾಯವಾಗತೊಡಗಿದವು. ತಾಯಂದಿರು ಹುಡುಕಿಕೊಂಡು ಹೋದರೆ, ಅವೆಲ್ಲ ಅಡವಯ್ಯನ ಕೂಲಿಮಠದ ಜಗಲಿಯ ಮೇಲೆ ಬಾಯಿಗೆ ಬಟ್ಟೆ ಬಿಗಿಸಿಕೊಂಡು ಸಾಲಾಗಿ ಕೂತಿದ್ದವು.

ಅಡವಯ್ಯ ಇಪ್ಪತ್ತೆರಡು ವರ್ಷದ ಬಡ ಐನೋರು. ಹತ್ತೊಂಬತ್ತು ಮಕ್ಕಳಿಗೆ ಮಗ್ಗಿ ಕಲಿಸುವುದು, ಅವರ ಮನೆಯವರು ಕೊಟ್ಟ ರಾಗಿಯಲ್ಲಿ ಹೊಟ್ಟೆ ಹೊರೆಯುವುದು. ಎರಡೂ ಅವನಿಗೆ ಅರ್ಧಂಬರ್ಧವೇ ಆಗುತ್ತಿತ್ತು. ಮಕ್ಕಳು ಮಗ್ಗಿಯ ಧಾಟಿಯನ್ನು ಮಾತ್ರ ಕಲಿತು, ಲೆಕ್ಕವನ್ನು ಅಲ್ಲೇ ಬಿಟ್ಟು, ಆ ಧಾಟಿಗೆ ತಮ್ಮದೇ ಹಾಡು ಕಟ್ಟಿದ್ದರು. ಮರಳಿನ ಮೇಲೆ ಬರೆದು, ಅಳಿಸಿ, ಜಗಳವಾಡಿ, ತಲೆಗೊಂದು ಸಾಲು. ಅವರಲ್ಲೆಲ್ಲ ತುಂಟನಾದ ದುಗ್ಗನ ಸಾಲು, 'ಐನೋರ ಬೆತ್ತಕ್ಕೆ ಗೆದ್ದಲು ಹತ್ತಲಿ.' ಅದನ್ನು ತೆಗೆಸಲು ಹೋಗಿ ಅಡವಯ್ಯ ಸೋತಿದ್ದ.

ಕೊನೆಯ ಸಾಲು ಸೀತ್ಲಿಯದು. ಅವಳ ಮನೆಯವರು ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುವವರು. ಶನಿವಾರ ಬೆಳಿಗ್ಗೆ ಅವಳನ್ನೂ ಕರೆದುಕೊಂಡು ಅವರ ಹೇರು ಹೊರಡುವುದಿತ್ತು.

"ಅವಳ ಸಾಲನ್ನ ನೀವೇ ಹಾಡಿಕೊಳ್ರೋ" ಎಂದ ಅಡವಯ್ಯ.

"ನಾವು ಹಾಡಿದ್ರೆ ಅದು ನಮ್ಮ ದನಿ ಐನೋರೇ. ಅವಳದ್ದು ಎಲ್ಲಿ ಸಿಗ್ತದೆ?" ಎಂದ ದುಗ್ಗ.

ಅದಕ್ಕೇ ಗಡಿಗೆಗಳು. ಹಾಡಿ, ತಟ್ಟನೆ ಬಟ್ಟೆ ಬಿಗಿದು, ಬಿಚ್ಚಿ ನೋಡಿದರೆ ಒಳಗೆ ಬರಿ ಉಪ್ಪಿನಕಾಯಿಯ ವಾಸನೆ. ಈ ಗಡಿಗೆ ಸರಿಯಿಲ್ಲವೆಂದು ಮತ್ತೊಂದು ಗಡಿಗೆ ತರುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಊರಿನ ಗಡಿಗೆಗಳೆಲ್ಲ ಮುಗಿದಾಗ, ಹದಿನೆಂಟು ಮಕ್ಕಳೂ ಅಡವಯ್ಯನ ಮುಖ ನೋಡಿದರು. ಸೀತ್ಲಿ ಮಾತ್ರ ನೆಲ ನೋಡಿದಳು.

"ನನ್ನ ತಲೆ ಹೋದ್ರೆ ಮಗ್ಗಿ ಯಾರು ಹೇಳಿಕೊಡ್ತಾರೋ?"

"ಅದೂ ಒಂದು ಅನುಕೂಲನೇ" ಎಂದ ದುಗ್ಗ.

ಅಡವಯ್ಯ ಒಗೆದ ಪಂಚೆ ಉಟ್ಟು ಅರಮನೆಗೆ ಹೊರಟ. ಹಿಂದೆ ಹತ್ತೊಂಬತ್ತು ಮಕ್ಕಳು ಬರುತ್ತಿದ್ದುದರಿಂದ ತಿರುಗಿ ಓಡಲು ದಾರಿಯಿರಲಿಲ್ಲ.

ಸಾಲಿನಲ್ಲಿ ಮುಂದಿದ್ದವನು ಆಸ್ಥಾನಕವಿ. ರಾಜಕುಮಾರಿ ಕೇಳಿದಳು: "ಹುಟ್ಟಿದಂದಿನಿಂದ ಜೊತೆಗಿರುವುದು. ಊರಿಗೆಲ್ಲ ಅದರ ಗುರುತಿದೆ. ಯಜಮಾನನ ಎದುರಿಗೆ ತಂದರೆ ಮಾತ್ರ ಅವನು 'ಇದು ನನ್ನದಲ್ಲ' ಎನ್ನುತ್ತಾನೆ. ಏನದು?"

"ನೆರಳು!"

"ನೆರಳನ್ನು ಯಾರಪ್ಪ ಬೇಡ ಎಂದದ್ದು? ಕರೆದುಕೊಂಡು ಹೋಗಿ."

ಮುಂದಿನವನು ದಂಡನಾಯಕ. ಅದೇ ಒಗಟಿಗೆ "ಬೆನ್ನು!" ಎಂದ.

"ಊರು ನಿಮ್ಮ ಬೆನ್ನು ನೋಡಿದ್ದು ಯಾವಾಗ?"

"ಹೋದ ಯುದ್ಧದಲ್ಲಿ" ಎಂದು ಬಾಯಿ ತಪ್ಪಿ ಹೇಳಿದ ದಂಡನಾಯಕನೂ ಒಳಗೆ ಹೋದ. ತಲೆ ತೆಗೆಯುವವನು ಮಗಳ ಬಾಣಂತನಕ್ಕೆ ಹೋಗಿದ್ದ. ಸೋಮವಾರದವರೆಗೆ ಸೋತವರಿಗೆ ಕೊಠಡಿಯಲ್ಲಿ ಊಟ.

ಅಡವಯ್ಯನ ಸರದಿ ಬಂತು. ಅವನಿಗೆ ಹೋದ ವಾರದ ಸಂಗತಿ ನೆನಪಾಯಿತು. "ದನಿ, ತಾಯಿ. ಈ ದುಗ್ಗ ಕಾಳಿನ ಗುಡಾಣದೊಳಗೆ ತಲೆ ಹಾಕಿ ಹಾಡಿದ. ತನ್ನ ದನಿಯೇ ತಿರುಗಿ ಬಂದದ್ದಕ್ಕೆ, ಒಳಗೆ ಯಾರೋ ಇದ್ದಾರೆ ಅಂತ ಮನೆತನಕ ಓಡಿದ."

"ಸರಿ. ಎರಡನೆಯದು. ಎಲ್ಲರೂ ಸೇರಿ ಮಾಡಬೇಕು. ಒಬ್ಬ ಕೈಕೊಟ್ಟರೂ ಕೆಟ್ಟಿತು. ಮಾಡಿ ಮುಗಿಸಿದರೆ ಕಣ್ಣಿಗೂ ಕಾಣದು, ಕಿವಿಗೂ ಕೇಳದು."

ಅಡವಯ್ಯನ ಕಣ್ಣಲ್ಲಿ ನೀರೇ ಬಂತು. "ಮೌನ! ನಾಲ್ಕು ವರ್ಷದಿಂದ ಇದಕ್ಕೇ ಬೆತ್ತ ಹಿಡಿದಿದ್ದೇನೆ ತಾಯಿ. ಒಂದು ದಿನವೂ ಸಿಕ್ಕಿಲ್ಲ."

ರಾಜಕುಮಾರಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ ಕೇಳಿದಳು: "ಒಬ್ಬರಿದ್ದಾಗ ಒಂದು ಮೊಳ. ಅವರು ಎದ್ದು ಹೋದ ಮೇಲೆ ಮನೆ ತುಂಬ. ಏನದು?"

ಸರದಿಗೆ ಕಾದು ಬೇಸತ್ತಿದ್ದ ನೆರೆರಾಜ್ಯದ ರಾಜಕುಮಾರ ತಡೆಯಲಾರದೆ, "ಚಾಡಿ ಮಾತು!" ಎಂದು ಕೂಗಿದ. "ಎದ್ದು ಹೋದವನ ಮೇಲೆ ಮನೆ ತುಂಬ ಅದೇ!"

"ನಿಮ್ಮ ಅರಮನೆಯಲ್ಲಿ ಹಾಗಿರಬಹುದು" ಎಂದಳು ಕನಕಾಜಿ. ಅವನೂ ಊಟದ ಕೊಠಡಿ ಸೇರಿದ.

ಅಡವಯ್ಯ ಮಕ್ಕಳ ಕಡೆ ತಿರುಗಿದ. ಮಠದಲ್ಲಿ ಕೂರುವ ಹಾಗೆಯೇ ಅವರು ನೆಲದ ಮೇಲೆ ಸಾಲಾಗಿ ಕೂತಿದ್ದರು. ತುದಿಯಲ್ಲಿ ಸೀತ್ಲಿ, ಮೊಣಕಾಲು ಮಡಚಿಕೊಂಡು, ಸರಿಯಾಗಿ ಒಂದು ಮೊಳ ಜಾಗದಲ್ಲಿ. ನಾಳೆ ಆ ಜಾಗ ಖಾಲಿ.

"ಕೂತಿದ್ದ ಜಾಗ, ತಾಯಿ. ಇರುವಾಗ ಒಂದು ಮೊಳವೇ. ಎದ್ದು ಹೋದ ಮೇಲೆ ಎತ್ತ ನೋಡಿದರೂ ಅದೇ ಕಾಣುತ್ತದೆ."

"ನಮ್ಮಕ್ಕ ಮದುವೆಯಾಗಿ ಹೋಗಿ ಮೂರು ವರ್ಷ. ಊಟಕ್ಕೆ ಕೂತಾಗ ಅವಳ ಮಣೆ ಬಿಟ್ಟು ನನಗೆ ಬೇರೇನೂ ಕಾಣದು" ಎಂದು ಹೇಳಿ, ಕನಕಾಜಿ ಬಿಂದಿಗೆಯನ್ನು ತಾನೇ ಎತ್ತಿ ಅಡವಯ್ಯನ ಕೈಗಿಟ್ಟಳು. ಮಠಕ್ಕೆ ವರ್ಷಕ್ಕಾಗುವಷ್ಟು ರಾಗಿ ಬರೆಸಿದಳು. ಇನ್ನೇನು ಬೇಕೆಂದು ಕೇಳಿದಾಗ ಅಡವಯ್ಯ ಸೋತವರ ತಲೆಗಳನ್ನು ಬೇಡಿದ. ತಲೆ ಉಳಿಯಿತು. ದಂಡವೆಂದು ಕವಿ, ದಂಡನಾಯಕ, ರಾಜಕುಮಾರ ಮೂವರೂ ಗಡಿಗೆಗಳನ್ನು ತಿಕ್ಕಿ ತೊಳೆದು ಮನೆಮನೆಗೆ ಹೊತ್ತು ಮುಟ್ಟಿಸಿದರು.

ಆ ಮಧ್ಯಾಹ್ನ ಮಕ್ಕಳು ಬಿಂದಿಗೆಯ ಸುತ್ತ ಕೂತು ಹಾಡಿ, ಮುಚ್ಚಳ ಹಾಕಿದರು. ಶನಿವಾರ ಬೆಳಿಗ್ಗೆ ಉಪ್ಪಿನ ಹೇರು ಹೊರಟಿತು.

ಸೋಮವಾರ ಮಠ ಸೇರಿದಾಗ ಮುಚ್ಚಳ ತೆಗೆದರು. ಗೆದ್ದಲಿನ ಸಾಲು ಬಂದಾಗ ದುಗ್ಗ ಎದ್ದು ನಿಂತು, "ಇದು ನನ್ನ ದನಿ ಅಲ್ಲವೇ ಅಲ್ಲ! ಯಾರೋ ಕೆಮ್ಮುಗಂಟಲಿನವನು!" ಎಂದು ಗಲಾಟೆ ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಕೊನೆಯ ಸಾಲು ಬಂತು. 'ಎತ್ತಿನ ಕೊರಳ ಗಂಟೆಯೇ, ನಾನು ಬರ್ತೀನಿ ಅಂತ ಹೇಳು.'

ಹದಿನೆಂಟು ಮಕ್ಕಳಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ನಾಲ್ಕು ವರ್ಷ ಬೇಡಿಕೊಂಡ ಮೌನ ಅಡವಯ್ಯನಿಗೆ ಅಂದು ಸಿಕ್ಕಿತು. ಅವನಿಗೆ ಅದು ಬೇಡವಾಗಿತ್ತು.

ದುಗ್ಗ ಬಿಂದಿಗೆಯನ್ನು ಎತ್ತಿ, ಸಾಲಿನ ತುದಿಯ ಒಂದು ಮೊಳ ಜಾಗದಲ್ಲಿ ಇಟ್ಟು ಬಂದ. "ಹೂಂ, ಎರಡೊಂದ್ಲ ಎರಡು" ಎಂದ ಅಡವಯ್ಯ, ಮೂಗು ಒರೆಸಿಕೊಳ್ಳುತ್ತ. ಮಕ್ಕಳು ಮಗ್ಗಿ ಶುರು ಮಾಡಿದರು. ಅವತ್ತೂ ಲೆಕ್ಕ ತಪ್ಪಿತು.