ಮದ್ದು ಕೊಟ್ಟಿದ್ದು ಯಾರಿಗೆ

ಕಪಿಲೆಯ ದಂಡೆಯಲ್ಲಿ ಹೊಂಗೆ ಮರಗಳ ನಡುವೆ ಒಂದು ಚಿಕ್ಕ ಆಶ್ರಮವಿತ್ತು. ಅದನ್ನು ನಡೆಸುತ್ತಿದ್ದವರು ಒಬ್ಬ ವಯಸ್ಸಾದ ತಾಯಿ. ಗಿಡಮೂಲಿಕೆಯ ಮದ್ದಿನಲ್ಲಿ ಎತ್ತಿದ ಕೈ. ಸುತ್ತಲಿನವರಿಗೆಲ್ಲ ಅವರು ದೊಡ್ಡಮ್ಮ.

ವಾರಿಜ ಅವರ ಹಿರಿಯ ಶಿಷ್ಯೆ. ಹರೆಯದಲ್ಲೇ ಮದುವೆಯ ಗೋಜು ಬೇಡವೆಂದು ಬಂದು ಸೇರಿದವಳು. ಈಗ ಐವತ್ತರ ಹತ್ತಿರ. ದೊಡ್ಡಮ್ಮನ ಕಣ್ಣು ಮಂಜಾದ ಮೇಲೆ ಬಂದವರನ್ನು ನೋಡಿ ಮದ್ದು ಕೊಡುವ ಕೆಲಸವೆಲ್ಲ ಅವಳದೇ ಆಗಿತ್ತು.

ಆ ವರ್ಷ ಅವಳಿಗೆ ಮುಟ್ಟು ತಪ್ಪತೊಡಗಿತು.

ಶುಂಠಿ ಕುಟ್ಟುತ್ತ ಕೂತಿದ್ದರೆ ಎದೆಯಿಂದ ಒಂದು ಝಳ ಎದ್ದು ಕತ್ತು, ಕೆನ್ನೆ, ಕಿವಿಯವರೆಗೂ ಏರುತ್ತಿತ್ತು. ರವಿಕೆ ಬೆವರಿನಲ್ಲಿ ಒದ್ದೆಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮೈ ತಣ್ಣಗಾಗಿ ನಡುಕ. ನಿದ್ದೆ ದೂರವಾಯಿತು. ಡಬ್ಬಿಯ ಮುಚ್ಚಳ ತೆಗೆದವಳು ಯಾಕೆ ತೆಗೆದೆನೆಂದು ಮರೆತು ನಿಲ್ಲುತ್ತಿದ್ದಳು.

"ಇದು ಕಾಯಿಲೆಯಲ್ಲ ತಾಯಿ, ವಯಸ್ಸಿನ ತಿರುವು" ಎಂದು ಎಷ್ಟೋ ಹೆಂಗಸರಿಗೆ ಅವಳೇ ಹೇಳಿದ್ದಳು. ತನಗೇ ಬಂದಾಗ ಆ ಮಾತು ಉಪಯೋಗಕ್ಕೆ ಬರಲಿಲ್ಲ.

ಯಾರಿಗೂ ಹೇಳಲಿಲ್ಲ. ತನ್ನ ಮೈಯೇ ತನ್ನ ಮಾತು ಕೇಳದವಳ ಹತ್ತಿರ ಮದ್ದಿಗೆ ಯಾರು ಬರುತ್ತಾರೆ? ಝಳ ಬಂದಾಗ ಕೊಟ್ಟಿಗೆಯ ಹಿಂದೆ ಹೋಗಿ ಸೆರಗಿನಿಂದ ಗಾಳಿ ಹಾಕಿಕೊಂಡು, ಮುಖ ಒರೆಸಿಕೊಂಡು ಬರುತ್ತಿದ್ದಳು.

ತನಗೆ ತಾನೇ ಮದ್ದು ಮಾಡಿಕೊಂಡಳು. ಮೊದಲು ಶತಾವರಿ. ಬೇಗ ಗುಣ ಕಾಣಲಿಲ್ಲವೆಂದು ಅಶ್ವಗಂಧ. ಅದರ ಮೇಲೆ ಅಶೋಕದ ತೊಗಟೆಯ ಕಷಾಯ. ಪೇಟೆಯಿಂದ ಯಾರೋ ತಂದುಕೊಟ್ಟ ಮಾತ್ರೆಗಳೂ ಸೇರಿಕೊಂಡವು.

ಒಂದು ದಿನ ಒಬ್ಬ ಮುದುಕಿ, ಮದ್ದನ್ನು ಊಟಕ್ಕೆ ಮುಂಚೆಯೋ ಆಮೇಲೋ ಎಂದು ಎರಡನೇ ಸಲ ಕೇಳಿದಳು.

"ಹೇಳಿದ್ದನ್ನೇ ಎಷ್ಟು ಸಲ ಹೇಳಲಿ? ಕಿವಿ ಕೇಳಲ್ವಾ?"

ಮುದುಕಿ ಮುದುಡಿಕೊಂಡಳು. ಪೊಟ್ಟಣವನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡರು. "ವಾರಿಜ, ಇಲ್ಲಿ ಬಾ" ಎಂದರು.

ಅವರ ಮುಂದೆ ಕೂತದ್ದೇ ತಡ, ವಾರಿಜಳ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಎಲ್ಲವನ್ನೂ ಹೇಳಿಬಿಟ್ಟಳು. ಕೊನೆಗೆ ಕೈ ಮುಗಿದು ಕೇಳಿದಳು, "ಇದನ್ನ ನಿಲ್ಲಿಸೋ ಮದ್ದು ಕೊಡಿ ದೊಡ್ಡಮ್ಮ."

"ಈಗ ತಗೊಳ್ತಾ ಇರೋದನ್ನೆಲ್ಲ ತಗೊಂಡು ಬಾ."

ವಾರಿಜ ತಂದಳು. ದೊಡ್ಡಮ್ಮ ಒಂದು ಮೊರ ತರಿಸಿ ಎಲ್ಲವನ್ನೂ ಅದರಲ್ಲಿ ಇಡಿಸಿದರು. ಮೊರ ತುಂಬಿತು.

"ಇದರಲ್ಲಿ ನಿನಗೆ ಒಗ್ಗಿದ್ದು ಯಾವುದು?"

"ಗೊತ್ತಿಲ್ಲ."

"ಒಗ್ಗದೇ ಇದ್ದಿದ್ದು?"

"ಅದೂ ಗೊತ್ತಿಲ್ಲ."

ದೊಡ್ಡಮ್ಮ ಮೊರವನ್ನು ತಮ್ಮ ಹಿಂದಕ್ಕೆ ಸರಿಸಿಕೊಂಡರು.

"ಇವತ್ತು ಏನು ತಿಂದೆ?"

ವಾರಿಜ ಯೋಚಿಸಿದಳು. ಬೆಳಿಗ್ಗೆ ಕಾಫಿ. ಜನ ಹೆಚ್ಚಿದ್ದರೆಂದು ಮತ್ತೆ ಕಾಫಿ. ಮಧ್ಯಾಹ್ನ ನಿಂತುಕೊಂಡೇ ಎರಡು ತುತ್ತು ಚಿತ್ರಾನ್ನ. ಮತ್ತೆ ಕಾಫಿ. ಹೇಳಲು ನಾಚಿಕೆಯಾಗಿ ತಲೆ ತಗ್ಗಿಸಿದಳು. ಊರಿಗೆಲ್ಲ ಪಥ್ಯ ಹೇಳುವವಳು ಅವಳು.

"ಮೊದಲು ಕೂತು ಊಟ ಮಾಡು" ಎಂದರು ದೊಡ್ಡಮ್ಮ.

ಮಾರನೆಯ ದಿನದಿಂದ ಅವರು ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣಿಸಿದರು. ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ಹೆಸರುಕಾಳು, ಸೊಪ್ಪು, ಅನ್ನಕ್ಕೆ ಎಳ್ಳಿನ ಪುಡಿ, ಅಗಸೆ ಬೀಜದ ಚಟ್ನಿಪುಡಿ. ಖಾರ ಕಮ್ಮಿ. ಕತ್ತಲಾಗುವ ಮುಂಚೆ ಊಟ ಮುಗಿಯಬೇಕು. ಆಮೇಲೆ ಹೊಳೆಯ ಉದ್ದಕ್ಕೂ ನಡೆಯಬೇಕು. ಕಾಫಿ ಇಲ್ಲ.

ಕಾಫಿ ಬಿಟ್ಟದ್ದಕ್ಕೆ ಮೊದಲ ದಿನಗಳಲ್ಲಿ ತಲೆ ಸಿಡಿಯಿತು. ವಾರಿಜ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ದೊಡ್ಡಮ್ಮ ಸಮಾಧಾನ ಹೇಳಲಿಲ್ಲ. ಅಂಬಲಿಯ ಬಟ್ಟಲನ್ನು ಅವಳ ಕಡೆ ತಳ್ಳಿದರು, ಅಷ್ಟೆ.

ಕೆಲವು ವಾರ ಕಳೆದ ಮೇಲೆ ಮೊರದಿಂದ ಒಂದೇ ಒಂದು ಪುಡಿಯನ್ನು ತೆಗೆದು ಕೊಟ್ಟರು. ಶತಾವರಿ.

"ಹಾಲಲ್ಲಿ ಹಾಕ್ಕೊಂಡು ಕುಡಿ. ಇದರ ಜೊತೆ ಇನ್ನೇನೂ ಬೇಡ. ಮೈ ಏನು ಹೇಳುತ್ತೆ ಅಂತ ಕೇಳಿಸ್ಕೊ."

ನಿಧಾನವಾಗಿ ನಿದ್ದೆ ಬಂತು. ಝಳ ಅಪರೂಪವಾಯಿತು. ಬಂದರೂ ಮುಂಚಿನ ಹಾಗೆ ಸುಡುತ್ತಿರಲಿಲ್ಲ.

"ಪೂರ್ತಿ ಹೋಗಲಿಲ್ಲ ದೊಡ್ಡಮ್ಮ" ಎಂದಳು ವಾರಿಜ.

"ಹೋಗುತ್ತೆ ಅಂತ ನಾನು ಹೇಳಿದ್ನಾ?"

"ಮತ್ತೆ ಇಷ್ಟೆಲ್ಲ ಯಾಕೆ?"

"ಅದು ಇರೋವರೆಗೂ ನೀನು ಬದುಕಬೇಕಲ್ಲ."

ವಾರಿಜ ಈ ಮಾತನ್ನು ಕೇಳಿದಳು. ಆದರೆ ಅವಳ ಮನಸ್ಸಿನಲ್ಲಿ ಉಳಿದದ್ದು ಪುಡಿ ಮತ್ತು ಪಥ್ಯ.

ಅವಳಿಗೆ ಈಗ ಹೊಸ ಧೈರ್ಯ ಬಂದಿತ್ತು. ಅದೇ ವಯಸ್ಸಿನ ಹೆಂಗಸರು ಬಂದು ಬಿಸಿ ಎಂದರೆ ಸಾಕು, ನಿದ್ದೆ ಇಲ್ಲ ಎಂದರೆ ಸಾಕು, ಮಿಕ್ಕ ಮಾತನ್ನು ಅವಳೇ ಮುಗಿಸುತ್ತಿದ್ದಳು. ಎಳ್ಳು, ಅಗಸೆ, ಅಂಬಲಿ, ಶತಾವರಿ. ಹಲವರಿಗೆ ಗುಣವೂ ಕಂಡಿತು. ಹೊಳೆಯ ಆಚೆಯ ಊರುಗಳಿಗೂ ಸುದ್ದಿ ಹೋಯಿತು.

ಆಚೆ ದಡದಿಂದ ಚಿಕ್ಕತಾಯಮ್ಮ ಬಂದಳು. ರೇಷ್ಮೆ ಹುಳು ಸಾಕುವ ಹೆಂಗಸು. ವಾರಿಜಳಿಗಿಂತ ಸ್ವಲ್ಪ ದೊಡ್ಡವಳು. ಮುಖ ಬಿಳಿಚಿಕೊಂಡಿತ್ತು.

"ಮೈಯೆಲ್ಲ ಬಿಸಿ ಕಣವ್ವಾ. ಸುಸ್ತು. ಆಮೇಕೆ..."

"ಗೊತ್ತಾಯ್ತು ಬಿಡಿ" ಎಂದು ವಾರಿಜ ನಕ್ಕಳು. "ನನಗೂ ಹೀಗೇ ಇತ್ತು. ಏನೂ ಹೆದರಬೇಡಿ."

ಚಿಕ್ಕತಾಯಮ್ಮ ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ವಾರಿಜ ಪೊಟ್ಟಣ ಕಟ್ಟುತ್ತಿದ್ದಳು. ಚಿಕ್ಕತಾಯಮ್ಮ ಪೊಟ್ಟಣವನ್ನು ಕಣ್ಣಿಗೆ ಒತ್ತಿಕೊಂಡು ಹೊರಟುಹೋದಳು.

ಸಂಜೆ ವಾರಿಜ ದೊಡ್ಡಮ್ಮನ ಹತ್ತಿರ ಕೂತು ದಿನದ ಸಮಾಚಾರ ಹೇಳಿದಳು. ಚಿಕ್ಕತಾಯಮ್ಮನ ವಿಷಯವೂ ಬಂತು.

"ಅವಳಿಗೆ ಮುಟ್ಟು ಯಾವಾಗ ನಿಂತಿದ್ದು?" ಎಂದು ಕೇಳಿದರು ದೊಡ್ಡಮ್ಮ.

"ಕೇಳಲಿಲ್ಲ."

"ಸುಸ್ತು ಯಾವಾಗಿಂದ?"

"ಕೇಳಲಿಲ್ಲ. ಆದರೆ ಈ ವಯಸ್ಸಲ್ಲಿ..."

"ಬೇರೆ ಏನಾದರೂ ತೊಂದರೆ ಹೇಳಿದಳಾ?"

"ಅದನ್ನೂ ಕೇಳಲಿಲ್ಲ."

"ಹಾಗಾದರೆ ಮದ್ದು ಕೊಟ್ಟಿದ್ದು ಯಾರಿಗೆ?"

"ಅವರಿಗೇ, ದೊಡ್ಡಮ್ಮ."

"ಅವಳನ್ನ ನೀನು ನೋಡಲೇ ಇಲ್ಲ. ನಿನ್ನನ್ನೇ ಎದುರಿಗೆ ಕೂರಿಸ್ಕೊಂಡು ನಿನಗೇ ಕೊಟ್ಕೊಂಡೆ."

ವಾರಿಜಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ಜನಕ್ಕೆ ಗುಣವಾಗಿದೆ, ಅದು ಇವರ ಕಣ್ಣಿಗೆ ಕಾಣುವುದಿಲ್ಲವೇ? ಎದುರು ಮಾತಾಡದೆ ಎದ್ದು ಹೋದಳು.

ಬೆಳಗಾಗುತ್ತಲೇ ಹರಿಗೋಲು ಹತ್ತಿ ಹೊಳೆ ದಾಟಿದಳು. ದೊಡ್ಡಮ್ಮ ಕೇಳಿದ ಪ್ರಶ್ನೆಗಳನ್ನೆಲ್ಲ ಕೇಳಿ, ಉತ್ತರ ತಂದು ಅವರ ಮುಂದೆ ಇಡಬೇಕು. ತಾನು ಕೊಟ್ಟ ಮದ್ದು ಸರಿಯೇ ಎಂದು ತೋರಿಸಬೇಕು. ಅವಳು ಹೊರಟದ್ದು ಅದಕ್ಕೇ.

ಚಿಕ್ಕತಾಯಮ್ಮ ಮನೆಯ ಮುಂದೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ವಾರಿಜಳನ್ನು ಕಂಡು ಗಾಬರಿಯಿಂದ ಎದ್ದಳು.

"ಕೂತ್ಕೊಳ್ಳಿ. ಒಂದೆರಡು ಮಾತು ಕೇಳೋಕೆ ಬಂದೆ. ಮುಟ್ಟು ನಿಂತು ಎಷ್ಟು ಕಾಲ ಆಯ್ತು?"

"ಮಗಳ ಬಾಣಂತನದ ವರ್ಷವೇ ನಿಂತೋಯ್ತು. ಮೊಮ್ಮಗಳು ಈಗ ಇಸ್ಕೂಲಿಗೆ ಹೋಯ್ತಾಳೆ."

"ಆಮೇಲೆ?"

ಚಿಕ್ಕತಾಯಮ್ಮ ಮನೆಯ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ದನಿ ತಗ್ಗಿಸಿದಳು.

"ಈಚೆಗೆ ತಿರುಗಾ ಕಾಣಿಸ್ಕತಾ ಅದೆ ಕಣವ್ವಾ. ಸುಮಾರಾಗೇ ಹೋಯ್ತದೆ."

ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೆ ಅದನ್ನು ಪುಡಿ, ಕಷಾಯಗಳಲ್ಲಿ ಮುಚ್ಚಬಾರದು. ದೊಡ್ಡಮ್ಮ ಮೊಟ್ಟಮೊದಲು ಕಲಿಸಿದ ಪಾಠಗಳಲ್ಲಿ ಅದೂ ಒಂದು.

"ನಿನ್ನೆ ಯಾಕೆ ಹೇಳಲಿಲ್ಲ ಇದನ್ನ?"

"ಹೇಳಕ್ಕೇ ಬಂದಿದ್ದೆ. ಮನೇಲಿ ಯಾರ ತಾವೂ ಹೇಳಿರಲಿಲ್ಲ, ನಿಮ್ಮ ತಾವ ಹೇಳವ ಅಂತ ಬಂದೆ. ನೀವು ಗೊತ್ತಾಯ್ತು ಅಂದ್ರಲ್ಲಾ. ಗೊತ್ತಾಗ್ಬುಟ್ಟದೆ ಅಂದ್ಕೊಂಡೆ."

"ನಾನು ಕೊಟ್ಟ ಪುಡಿ ತಗೋಬೇಡಿ" ಎಂದಳು ವಾರಿಜ. "ನಾನು ತಪ್ಪು ಮಾಡಿದೆ. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಏಳಿ, ಆಸ್ಪತ್ರೆಗೆ ಹೋಗೋಣ."

"ಈಗಲಾ? ಹುಳಕ್ಕೆ ಸೊಪ್ಪು ಹಾಕಬೇಕಲ್ಲ."

"ಇಬ್ಬರೂ ಸೇರಿ ಹಾಕೋಣ. ಆಮೇಲೆ ಹೋಗೋಣ."

ಇಬ್ಬರೂ ಕೂತು ಸೊಪ್ಪು ಕತ್ತರಿಸಿ ತಟ್ಟೆಗಳಲ್ಲಿ ಹರಡಿದರು. ನೆರೆಮನೆಗೆ ಹೇಳಿ ಬಸ್ಸು ಹತ್ತಿದರು.

ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಡಾಕ್ಟರು ವಾರಿಜಳನ್ನು ಪಕ್ಕಕ್ಕೆ ಕರೆದು ಹೇಳಲು ಹೋದರು. "ಅವರಿಗೇ ಹೇಳಿ, ನಾನು ಜೊತೆಗಿರ್ತೀನಿ" ಎಂದಳು ವಾರಿಜ.

ಗರ್ಭಕೋಶದಲ್ಲಿ ಗಡ್ಡೆ. ಕೆಟ್ಟ ಜಾತಿಯದು. ಇನ್ನೂ ಹಬ್ಬಿರಲಿಲ್ಲ. ಗರ್ಭಕೋಶ ತೆಗೆಯಬೇಕು, ತಡ ಮಾಡಬಾರದು ಎಂದರು.

ಆಪರೇಷನ್ ಆಯಿತು. ವಾರಿಜ ಆಶ್ರಮಕ್ಕೆ ಮರಳದೆ ಚಿಕ್ಕತಾಯಮ್ಮನ ಹಾಸಿಗೆಯ ಪಕ್ಕದಲ್ಲೇ ಉಳಿದಳು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವಳಿಗೆ ಝಳ ಬಂತು. ಮುಖ ಕೆಂಪಾಗಿ ಬೆವರು ಇಳಿಯಿತು. ಈ ಸಲ ಅವಳು ಎದ್ದು ಮರೆಗೆ ಹೋಗಲಿಲ್ಲ. ಚಮಚ ಕೆಳಗಿಟ್ಟು, ಅದು ಹೋಗುವವರೆಗೆ ಅಲ್ಲೇ ಕೂತಳು.

ಚಿಕ್ಕತಾಯಮ್ಮ ಮಲಗಿದಲ್ಲಿಂದಲೇ ಟವೆಲಿನ ತುದಿ ಹಿಡಿದು ಗಾಳಿ ಬೀಸಿದಳು.

"ನಿಮಗಿನ್ನೂ ಬತ್ತದಾ?"

"ಬರುತ್ತೆ."

"ಮದ್ದು ಕೊಡೋರಿಗೂ?"

"ಮದ್ದು ಕೊಡೋರಿಗೂ."

ಚಿಕ್ಕತಾಯಮ್ಮನಿಗೆ ನಗು ಬಂತು. ಹೊಲಿಗೆ ಎಳೆದು "ಅಯ್ಯಪ್ಪಾ" ಎಂದು ಹೊಟ್ಟೆ ಹಿಡಿದುಕೊಂಡಳು. ವಾರಿಜಳೂ ನಕ್ಕಳು. ನಗುತ್ತಲೇ ಅತ್ತಳು.

ಚಿಕ್ಕತಾಯಮ್ಮನನ್ನು ಮನೆ ಸೇರಿಸಿ ವಾರಿಜ ಆಶ್ರಮಕ್ಕೆ ಬಂದಾಗ ಜಗಲಿಯ ತುಂಬ ಜನ ಕಾಯುತ್ತಿದ್ದರು. ಅವರನ್ನು ದಾಟಿ ಒಳಗೆ ಹೋಗಿ ದೊಡ್ಡಮ್ಮನ ಕಾಲ ಹತ್ತಿರ ಕೂತಳು.

"ಹೇಗಿದಾಳೆ?"

"ಚೇತರಿಸ್ಕೊಂಡಿದಾರೆ. ಆಗಾಗ ಬಂದು ತೋರಿಸ್ಕೋಬೇಕಂತೆ."

"ಒಳ್ಳೇದಾಯ್ತು. ಹೊರಗೆ ಜನ ಕಾಯ್ತಿದಾರೆ."

ವಾರಿಜ ಏಳಲಿಲ್ಲ.

"ಮದ್ದು ಕೊಡೋ ಜಾಗದಲ್ಲಿ ಬೇರೆ ಯಾರನ್ನಾದರೂ ಕೂರಿಸಿ ದೊಡ್ಡಮ್ಮ. ನಾನು ಗಿಡಕ್ಕೆ ನೀರು ಹಾಕ್ಕೊಂಡಿರ್ತೀನಿ, ಅಡುಗೆ ಮಾಡ್ಕೊಂಡಿರ್ತೀನಿ."

"ಅವಳು ಬದುಕಿದಳಲ್ಲ."

"ನೀವು ಕೇಳಿದ್ದಕ್ಕೆ ಬದುಕಿದರು. ಕೇಳದೇ ಇದ್ದಿದ್ದರೆ?"

ಹೊರಗೆ ಯಾರೋ ಕೆಮ್ಮಿದರು. ಒಂದು ಮಗು ಅತ್ತು ಸುಮ್ಮನಾಯಿತು.

"ಇನ್ನು ಪೊಟ್ಟಣ ಕಟ್ಟೋಕೆ ಹೋದರೆ ನನ್ನ ಕೈ ನಡುಗುತ್ತೆ" ಎಂದಳು ವಾರಿಜ.

ದೊಡ್ಡಮ್ಮ ಬಾಗಿ ಅವಳ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ತೆಗೆದುಕೊಂಡರು.

"ನನ್ನ ಕೈ ಮೊದಲನೇ ದಿನದಿಂದ ನಡುಗ್ತಾ ಇದೆ ಮಗಳೇ. ಜನ ಈಗ ಅದನ್ನ ಮುಪ್ಪು ಅಂದ್ಕೊಂಡಿದಾರೆ."