ಕಾಯಿಸಿ ತಂದ ಹಾಲು

“ಗುರುಗಳೇ, ದಿನವೂ ಸಂಜೆ ಮನಸ್ಸಿನಲ್ಲಿದ್ದುದನ್ನೆಲ್ಲ ಒಪ್ಪವಾಗಿ ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ನೀವು ಒಂದು ತಪ್ಪನ್ನೂ ತೋರಿಸಿಲ್ಲ. ಆದರೂ ಒಳಗಿನ ಬೇಗುದಿ ನಿಂತಿಲ್ಲ. ಯಾಕೆ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಹೆಂಗಸು ಎರಡು ಹಸು ಸಾಕಿದ್ದಳು. ದೊಡ್ಡದು ಕರು ಹಾಕಿ ಹದಿನೈದು ದಿನವಾಗಿತ್ತು. ಅದಕ್ಕೆ ಕೆಚ್ಚಲು ಬಾವು ಬಂತು. ಒಂದು ಮೊಲೆ ಕಲ್ಲಿನಂತಾಯಿತು. ಕರು ಬಾಯಿ ಹಾಕಿದರೆ ಒದೆಯುತ್ತಿತ್ತು. ಎರಡು ಔಷಧಿ ಕೊಟ್ಟರೂ ಬಾವು ಇಳಿಯಲಿಲ್ಲ.

ಪಶುವೈದ್ಯರು ಅವಳ ಕೈಗೆ ಮುಚ್ಚಳ ಬಿಗಿದ ಒಂದು ಸೀಸೆ ಕೊಟ್ಟರು. “ಯಾವ ರೋಗಾಣು ಎಂದು ತಿಳಿಯದೆ ಇನ್ನು ಔಷಧಿ ಹಾಕಲಾರೆ. ಮೊಲೆ ತೊಳೆದು ಒರೆಸು. ಮೊದಲ ಧಾರೆಗಳನ್ನು ಬೇರೆ ಹಿಂಡಿ, ಆಮೇಲೆ ನೇರ ಇದಕ್ಕೆ ಹಿಂಡು. ಸೀಸೆಯ ಬಾಯಿಗೆ ಬೆರಳು ತಾಗಬಾರದು. ಐಸಿನಲ್ಲಿಟ್ಟು ಮಧ್ಯಾಹ್ನದೊಳಗೆ ತಾ. ತಡವಾದರೆ ಆ ಮೊಲೆ ಹೋಗುತ್ತದೆ. ಇನ್ನೊಂದು ಹಸುವಿಗೂ ಹತ್ತುತ್ತದೆ.”

ಮರುದಿನ ಬೆಳಗ್ಗೆ ಅವಳು ವೈದ್ಯರು ಹೇಳಿದಂತೆಯೇ ಹಿಂಡಿದಳು. ಸೀಸೆಯನ್ನು ಬೆಳಕಿಗೆ ಹಿಡಿದಳು. ಹಾಲಿನಲ್ಲಿ ಹಳದಿ ಗರಣೆಗಳು ತೇಲುತ್ತಿದ್ದವು. ಅವಳಿಗೆ ನೋಡಲಾಗಲಿಲ್ಲ. ಇಂಥದ್ದನ್ನು ದೊಡ್ಡವರ ಕೈಗೆ ಕೊಡುವುದು ಹೇಗೆ? ದಾರಿಯಲ್ಲಿ ಹಾಲು ಒಡೆದುಹೋದರೆ? ಅವಳ ಮನೆಯಿಂದ ಹಸಿ ಹಾಲು ಯಾರಿಗೂ ಹೋದದ್ದಿಲ್ಲ. ತೆಳು ಬಟ್ಟೆಯಲ್ಲಿ ಸೋಸಿದಳು. ಒಂದು ಉಕ್ಕು ಬರುವ ತನಕ ಕಾಯಿಸಿದಳು. ಸೀಸೆಯನ್ನು ಬಿಸಿನೀರಿನಲ್ಲಿ ತೊಳೆದು, ಆರಿದ ಹಾಲು ತುಂಬಿ, ಐಸು ಕರಗುವ ಮುಂಚೆ ಓಡೋಡಿ ತಲುಪಿಸಿದಳು.

ಎರಡು ದಿನ ಕಾದಳು. ಹಸು ಮೇವು ಬಿಟ್ಟಿತು. ಮೂರನೆಯ ದಿನ ಹೋದಾಗ ವೈದ್ಯರು ಹುಬ್ಬು ಗಂಟಿಕ್ಕಿ ಕುಳಿತಿದ್ದರು.

“ಈ ಹಾಲಿನಲ್ಲಿ ರೋಗವೇ ಇಲ್ಲ. ಹಾಲಿಗೆ ಏನಾದರೂ ಮಾಡಿದೆಯೇನಮ್ಮ?”

“ಅಯ್ಯೋ, ಏನೂ ಮಾಡಿಲ್ಲ ಸ್ವಾಮಿ. ನಿಮ್ಮ ಮುಂದೆ ಇಡುವ ಹಾಲಲ್ಲವೇ? ಸೋಸಿ, ಚೆನ್ನಾಗಿ ಕಾಯಿಸಿ ತಂದೆ, ಅಷ್ಟೇ.”

“ನಾನೇನು ಕಾಫಿಗೆ ಕೇಳಿದ್ದೆನೇ ತಾಯಿ? ರೋಗ ನಿನ್ನ ಬಟ್ಟೆಯಲ್ಲಿ, ನಿನ್ನ ಒಲೆಯಲ್ಲಿ ಉಳಿದುಹೋಯಿತಲ್ಲ!”

ಅವಳು ಹೊಸ ಸೀಸೆ ಹಿಡಿದು ಮನೆಗೆ ಬಂದಾಗ ಚಿಕ್ಕ ಹಸುವೂ ಕೆಚ್ಚಲು ಮುಟ್ಟಿಸಿಕೊಳ್ಳಲಿಲ್ಲ. ದೊಡ್ಡ ಹಸುವಿನ ಹಾಲಿನಲ್ಲಿ ಈ ಸಲ ರಕ್ತವೂ ಇತ್ತು. ಅವಳ ಕೈ ತಾನಾಗಿ ಸೋಸುವ ಬಟ್ಟೆಯ ಕಡೆಗೆ ಹೋಯಿತು. ಹಿಂದಕ್ಕೆಳೆದುಕೊಂಡಳು. ಮುಚ್ಚಳ ಬಿಗಿದು, ಹಾಗೆಯೇ ಒಯ್ದಳು.

ರೋಗಾಣು ಸಿಕ್ಕಿತು, ತಕ್ಕ ಔಷಧಿಯೂ ಸಿಕ್ಕಿತು. ಚಿಕ್ಕ ಹಸು ಗುಣವಾಯಿತು. ದೊಡ್ಡದೂ ಬದುಕಿತು, ಆದರೆ ಆ ಒಂದು ಮೊಲೆ ಬತ್ತಿಹೋಯಿತು. ಕರು ಉಳಿದ ಮೂರರಲ್ಲಿ ಕುಡಿಯುವುದನ್ನು ಕಲಿಯಿತು.

ಗುರು ಕಥೆ ಮುಗಿಸಿದರು.

“ಪಾಪ, ಆಕೆ ಏನನ್ನೂ ಮುಚ್ಚಿಡಬೇಕೆಂದು ಮಾಡಿದ್ದಲ್ಲವಲ್ಲ, ಗುರುಗಳೇ,” ಎಂದ ಶಿಷ್ಯ.

“ನೀನೂ ಮುಚ್ಚಿಡುತ್ತಿಲ್ಲ, ನಾಳೆ ಕಾಯಿಸದೆ ತಾ.”